ಕೌದಳ್ಳಿಯಿಂದ ಹೈಸ್ಕೂಲಿಗೆ ಎಷ್ಟು ದೂರ?

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು ಕಾಮಗೆರೆ, ಹನೂರು ದಾಟಿ ಕೌದಳ್ಳಿಯಲ್ಲಿ ನಿಂತಾಗ ಹೊರಗಿನವರ ಕಣ್ಣಿಗೆ ಬೀಳುವುದು ಚಹಾದಂಗಡಿಗಳು, ಹಣ್ಣಿನ ಗಾಡಿಗಳು, ಟೋಪಿ ಹಾಕಿ ಜಗಲಿಯ ಮೇಲೆ ಕುಳಿತ ಮುದುಕರು ಮತ್ತು ಹಣೆ ತುಂಬ ವಿಭೂತಿ ಬಳಿದ ಪರಸೆಯ ಜನ. ಅಲ್ಲಿಂದ ಮುಂದೆ ತಾಳಬೆಟ್ಟ, ಆಮೇಲೆ ಘಾಟಿ. ಒಂದೇ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಕನ್ನಡ, ತಮಿಳು ಮತ್ತು ನಮ್ಮ ದಕ್ಕನಿ ಉರ್ದು ಮೂರೂ ಕಿವಿಗೆ ಬೀಳುತ್ತವೆ. ಅಮಾವಾಸ್ಯೆ ಬಂತೆಂದರೆ ಈ ರಸ್ತೆಗೆ ಉಸಿರಾಡಲು ಬಿಡುವಿಲ್ಲ. ಮಾದಪ್ಪನ ಪರಸೆಯಿಂದಲೇ ಒಲೆ ಹೊತ್ತಿಸಿಕೊಂಡ ಎಷ್ಟೋ ಸಾಬರ ಮನೆಗಳು ಈ ದಾರಿಯುದ್ದಕ್ಕೂ ಇವೆ.

ಹಲವು ವರ್ಷಗಳ ಹಿಂದೆ ಆ ಜಗಲಿಯ ಹಿರಿಯರೊಬ್ಬರನ್ನು ನಾವು ಕೇಳಿದೆವು, 'ಚಾಚಾ, ನೀವು ಎಷ್ಟರವರೆಗೆ ಓದಿದ್ದೀರಿ?' ಅವರು ಬೀಡಿ ಆರಿಸಿ ಸ್ವಲ್ಪ ಗತ್ತಿನಿಂದಲೇ ಹೇಳಿದರು, 'ಥರ್ಡ್ ಫಾರಂ. ಈ.ಎಸ್.ಎಲ್.ಸಿ. ಪಾಸು.' ಪಕ್ಕದಲ್ಲಿದ್ದ ಹುಡುಗರು ನಕ್ಕರು. ಅದು ಯಾವ ಕ್ಲಾಸೆಂದು ಅವರಿಗೆ ತಿಳಿಯಲಿಲ್ಲ. ಎಳಂದೂರಿನ ಅದೇ ವಯಸ್ಸಿನ ಮುದುಕರನ್ನು ಕೇಳಿದ್ದರೆ ಅವರಿಗೂ ತಿಳಿಯುತ್ತಿರಲಿಲ್ಲವೇನೋ. ಕೊಳ್ಳೇಗಾಲಕ್ಕೂ ಎಳಂದೂರಿಗೂ ನಡುವೆ ಇರುವುದು ಹತ್ತು ಮೈಲಿ. ಆದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಆ ಹತ್ತು ಮೈಲಿಯ ನಡುವೆ ಒಂದು ಸರ್ಕಾರ ಮುಗಿದು ಇನ್ನೊಂದು ಸರ್ಕಾರ ಶುರುವಾಗುತ್ತಿತ್ತು.

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಹುತಾತ್ಮನಾದ ಮೇಲೆ ಇಂಗ್ಲಿಷರು ರಾಜ್ಯವನ್ನು ಹಂಚಿದಾಗ ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಿಗೆ ಬಂದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಎಳಂದೂರು ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಗಿ ದೊರೆಯಿತು. ಅವರ ವಂಶದ ಪಿ.ಎನ್. ಕೃಷ್ಣಮೂರ್ತಿ ಮುಂದೆ 1901ರಿಂದ 1906ರವರೆಗೆ ಮೈಸೂರಿನ ದಿವಾನರೂ ಆದರು. ಹೀಗಾಗಿ ಒಂದೇ ಕನ್ನಡ ಮಾತಾಡುವ, ಒಂದೇ ಬೆಟ್ಟಕ್ಕೆ ಹರಕೆ ಹೊರುವ, ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಟ್ಟು ತರುವ ಜನರ ಮಕ್ಕಳು ಎರಡು ಬೇರೆ ಬೇರೆ ಕಾನೂನಿನ ಶಾಲೆಗಳಲ್ಲಿ ಕುಳಿತರು. ಎಳಂದೂರಿನ ಹುಡುಗ 'ಮಿಡ್ಲ್ ಸ್ಕೂಲ್' ಎಂದರೆ ಕೊಳ್ಳೇಗಾಲದ ಹುಡುಗ 'ಫಸ್ಟ್ ಫಾರಂ' ಎನ್ನುತ್ತಿದ್ದ. ಮದರಾಸಿನ ಲೆಕ್ಕದಲ್ಲಿ ಐದು ತರಗತಿ ಮುಗಿದ ಮೇಲೆ ಫಾರಂಗಳು. ಥರ್ಡ್ ಫಾರಂ ಎಂದರೆ ಎಂಟನೆಯ ತರಗತಿ, ಸಿಕ್ಸ್ತ್ ಫಾರಂ ಎಂದರೆ ಎಸ್.ಎಸ್.ಎಲ್.ಸಿ. ನಮ್ಮ ಚಾಚಾ ಎಂಟನೆಯ ತರಗತಿಗೆ ನಿಂತಿದ್ದರು. ಮುಂದಿನ ಮೂರು ಫಾರಂ ಅವರಿಗೆ ಏಕೆ ದಕ್ಕಲಿಲ್ಲ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಮೈಸೂರಿನ ಕಡೆ ಸ್ವಲ್ಪ ನೋಡೋಣ. ಬಿ.ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂದದ್ದು 1868ರಲ್ಲಿ. ಪಟ್ಟಣ ಬಿಟ್ಟು ಹೋಬಳಿಯ ಮಟ್ಟಕ್ಕೆ ಸರ್ಕಾರದ ಶಾಲೆ ಇಳಿದದ್ದು ಆಗ. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಶುಲ್ಕ ರದ್ದಾಯಿತು. 1913ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಕಾನೂನು ಬಂದ ಕೂಡಲೇ ಮಕ್ಕಳೆಲ್ಲ ಶಾಲೆಗೆ ಬಂದುಬಿಟ್ಟರು ಎಂದು ನಾವು ಹೇಳುತ್ತಿಲ್ಲ. ಮೈಸೂರಿನ ಹೊಗಳಿಕೆಯನ್ನು ಅಗತ್ಯಕ್ಕಿಂತ ಹೆಚ್ಚು ಮಾಡುವ ಚಾಳಿ ನಮ್ಮಲ್ಲಿ ಬೇಕಾದಷ್ಟಿದೆ. ಆದರೂ ಆರಂಭದ ಓದಿಗೆ ದುಡ್ಡು ಕೇಳಬಾರದು ಎಂಬ ಮಾತು ಎಳಂದೂರಿಗೆ ಬೇಗ ತಲುಪಿತು.

ಮದರಾಸಿನ ಹಾದಿ ಬೇರೆ. 1871ರಲ್ಲಿ ಲಾರ್ಡ್ ಮೇಯೊ ಸರ್ಕಾರ ಮುಸಲ್ಮಾನರ ಶಿಕ್ಷಣದ ಬಗ್ಗೆ ಪ್ರತ್ಯೇಕ ನಿರ್ಣಯ ಹೊರಡಿಸಿತ್ತು. 1882ರ ಹಂಟರ್ ಆಯೋಗವು ಮುಸ್ಲಿಮ್ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ, ಶುಲ್ಕವಿಲ್ಲದ ಪ್ರವೇಶ ಮೊದಲಾದ ವಿಶೇಷ ನೆರವುಗಳನ್ನು ಶಿಫಾರಸು ಮಾಡಿತು. ಮದರಾಸು ಪ್ರಾಂತ್ಯದ ಶಿಕ್ಷಣ ನಿಯಮಗಳಲ್ಲಿ ಮುಸಲ್ಮಾನರಿಗೆ ಅರ್ಧ ಶುಲ್ಕದ ರಿಯಾಯಿತಿ ಇತ್ತು. ಇದು ಕಡಿಮೆ ಮಾತೇನಲ್ಲ. ಆದರೆ ಅರ್ಧ ಶುಲ್ಕದ ರಿಯಾಯಿತಿಯನ್ನು ಅನುಭವಿಸಬೇಕಾದರೆ ಶಾಲೆ ಹತ್ತಿರ ಇರಬೇಕಲ್ಲ! ಹೈಸ್ಕೂಲು ಎಂಬುದು ಪೇಟೆಯ ವಸ್ತುವಾಗಿತ್ತು. ಕೌದಳ್ಳಿಯಿಂದ ಕೊಳ್ಳೇಗಾಲ ಪೇಟೆಗೆ ನಲವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿ ನಂಟರ ಮನೆಯಿದ್ದವನು ಓದಿದ, ಇಲ್ಲದವನು ಥರ್ಡ್ ಫಾರಂಗೋ ಅದಕ್ಕೂ ಮುಂಚೆಯೋ ನಿಂತ. ಉಳಿದವರಿಗೆ ಮಸೀದಿಯ ಮಕ್ತಬ್ ಇತ್ತು. ಅಲ್ಲಿ ಫೀಸಿನ ಮಾತಿರಲಿಲ್ಲ. ಮೌಲ್ವಿ ಸಾಹೇಬರಿಗೆ ಸುಗ್ಗಿಯಲ್ಲಿ ಒಂದಿಷ್ಟು ರಾಗಿ, ಈದಿಗೆ ಒಂದು ಜೊತೆ ಬಟ್ಟೆ, ಅಷ್ಟೇ.

ಉಚಿತ ಶಿಕ್ಷಣ ಎಂಬುದು ನಮಗೆ ಯಾರೋ ಹೊರಗಿನವರು ಬಂದು ಕಲಿಸಿದ ಪಾಠವಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಓದು ಬರಹ ಬಲ್ಲವರು ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಅವರ ಬಿಡುಗಡೆಯ ಹಣವೆಂದು ಪ್ರವಾದಿವರ್ಯರು (ಸ) ಒಪ್ಪಿಕೊಂಡರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಮಕ್ಕಳಿಂದ ಕಾಸು ಪಡೆಯಲಿಲ್ಲ. ಸಮಾಜಕ್ಕೆ ಬರಬೇಕಿದ್ದ ಹಣವನ್ನು ಬಿಟ್ಟುಕೊಟ್ಟು ಮಕ್ಕಳ ಓದನ್ನು ಕೊಂಡುಕೊಂಡರು. ಓದಿಗೆ ಖರ್ಚಿದೆ, ಆ ಖರ್ಚನ್ನು ಮಗುವಿನ ತಲೆಗೆ ಕಟ್ಟಬಾರದು ಎಂಬ ವ್ಯವಹಾರಜ್ಞಾನ ಅದರಲ್ಲಿತ್ತು. ಜುಮಾ ಪ್ರವಚನಗಳಲ್ಲಿ ಈ ಘಟನೆಯನ್ನು ಎಷ್ಟೋ ಬಾರಿ ಕೇಳಿದ ನಾವು, ನಮ್ಮ ಮೊಹಲ್ಲಾದ ಹುಡುಗಿಯ ಬಸ್ ಚಾರ್ಜಿನ ವಿಷಯ ಬಂದಾಗ ಮಾತ್ರ ಮರೆತುಬಿಡುತ್ತೇವೆ.

ಇನ್ನು 1953ರ ಕತೆ. ಕೊಳ್ಳೇಗಾಲದ ಈಗಿನ ತಲೆಮಾರಿಗೆ ಇದು ಗೊತ್ತೇ ಇಲ್ಲ, ಏಕೆಂದರೆ ಇದು ತಮಿಳುನಾಡಿನ ಚರಿತ್ರೆ ಎಂದು ನಾವು ಕೈಬಿಟ್ಟಿದ್ದೇವೆ. ಆಗ ಮದರಾಸಿನ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿ. ಸಂವಿಧಾನದ 45ನೆಯ ಅನುಚ್ಛೇದವು ಹತ್ತು ವರ್ಷಗಳೊಳಗೆ 14 ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಒದಗಿಸಲು ಪ್ರಯತ್ನಿಸಬೇಕೆಂದು ಹೇಳಿತ್ತು. ಬೊಕ್ಕಸದಲ್ಲಿ ಹಣವಿಲ್ಲ, ಕಟ್ಟಡವಿಲ್ಲ, ಮೇಷ್ಟರುಗಳಿಲ್ಲ. ರಾಜಾಜಿಯವರು ಒಂದು ಉಪಾಯ ಹೂಡಿದರು. ಗ್ರಾಮಾಂತರದ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ಅವಧಿಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸುವುದು, ಮಕ್ಕಳನ್ನು ಎರಡು ಪಾಳಿ ಮಾಡುವುದು, ಅದೇ ಮೇಷ್ಟರು ಅದೇ ಕೋಣೆಯಲ್ಲಿ ಎರಡರಷ್ಟು ಮಕ್ಕಳಿಗೆ ಕಲಿಸುವುದು. ಉಳಿದ ಹೊತ್ತಿನಲ್ಲಿ ಮಗು ತಂದೆಯ ಕಸುಬು ಕಲಿಯಲಿ. ಲೆಕ್ಕ ಸರಿಯಾಗಿಯೇ ಇತ್ತು. ಒಂದು ರೂಪಾಯಿಗೆ ಇಬ್ಬರು ಮಕ್ಕಳು.

ಆದರೆ ತಂದೆಯ ಕಸುಬು ಎಂದರೆ ಏನು? ಚಮ್ಮಾರನ ಮಗ ಚಮ್ಮಾರಿಕೆ, ದರ್ಜಿಯ ಮಗ ದರ್ಜಿತನ, ಕೂಲಿಯ ಮಗ ಕೂಲಿ. ಪೆರಿಯಾರ್ ಮತ್ತು ದ್ರಾವಿಡ ಪಕ್ಷಗಳು ಇದನ್ನು 'ಕುಲಕಲ್ವಿ', ಅಂದರೆ ಕುಲದ ವಿದ್ಯೆ, ಎಂದು ಕರೆದು ಬೀದಿಗಿಳಿದವು. ಪಟ್ಟಣದ ಮಕ್ಕಳಿಗೆ ಇಡೀ ದಿನದ ಶಾಲೆ, ಹಳ್ಳಿಯ ಮಕ್ಕಳಿಗೆ ಅರ್ಧ ದಿನದ ಶಾಲೆ ಎಂಬುದೇ ಅದರ ಒಳಗುಟ್ಟು ಎಂದು ಜನಕ್ಕೆ ಅರ್ಥವಾಗಲು ಹೊತ್ತಾಗಲಿಲ್ಲ. ನಮ್ಮ ಚಾಚಾರ ನೆನಪಿನಲ್ಲಿ ಈ ಅರ್ಧ ದಿನದ ಶಾಲೆ ಇತ್ತು. ಅವರ ತಮ್ಮ ಬೆಳಗಿನ ಪಾಳಿಗೆ ಹೋಗಿ ಬಂದು ಮೇಕೆ ಹೊಡೆದುಕೊಂಡು ಕಾಡಿನಂಚಿಗೆ ಹೋಗುತ್ತಿದ್ದನಂತೆ. 'ಆಮೇಲೆ ಪೂರ್ತಿ ದಿನ ಮಾಡಿದರು, ಆದರೆ ಅವನು ಮೇಕೆ ಬಿಟ್ಟು ಬರಲೇ ಇಲ್ಲ' ಎಂದರು. 1954ರ ಏಪ್ರಿಲ್‌ನಲ್ಲಿ ಕಾಮರಾಜರು ಮುಖ್ಯಮಂತ್ರಿಯಾದರು, ಕೆಲವೇ ವಾರಗಳಲ್ಲಿ ಯೋಜನೆ ರದ್ದಾಯಿತು. ರದ್ದುಪಡಿಸಿದ ಶಿಕ್ಷಣ ಸಚಿವ ಸಿ. ಸುಬ್ರಹ್ಮಣ್ಯಂ ಕೊಯಮತ್ತೂರು ಜಿಲ್ಲೆಯವರೇ.

ರಾಜಾಜಿಯವರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ. ಅವರು ಎದುರಿಸಿದ ಪ್ರಶ್ನೆ ನಿಜವಾದದ್ದೇ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡಬಹುದು. ಆಫ್ರಿಕಾದ ಘಾನಾ ದೇಶ 2017ರ ಸೆಪ್ಟೆಂಬರಿನಲ್ಲಿ ಹಿರಿಯ ಪ್ರೌಢಶಾಲೆಯನ್ನು ಎಲ್ಲರಿಗೂ ಉಚಿತ ಮಾಡಿತು. ಹಾಸ್ಟೆಲಿನ ಊಟ ವಸತಿಯೂ ಸೇರಿ. ಮಕ್ಕಳು ಪ್ರವಾಹದಂತೆ ಬಂದರು. ಮರುವರ್ಷವೇ ಕೋಣೆಗಳು ಸಾಲದೆ ಮಕ್ಕಳನ್ನು ಎರಡು ತಂಡ ಮಾಡಿ, ಒಂದು ತಂಡ ಶಾಲೆಯಲ್ಲಿರುವಾಗ ಇನ್ನೊಂದು ಮನೆಯಲ್ಲಿರುವ ಏರ್ಪಾಡು ಮಾಡಬೇಕಾಯಿತು. ಬಾಗಿಲು ತೆರೆದರೆ ಸಾಲದು, ಒಳಗೆ ಜಾಗ ಬೇಕು. ವ್ಯತ್ಯಾಸವೆಂದರೆ ಘಾನಾದವರು ಮನೆಗೆ ಕಳಿಸಿದ ಮಗುವಿಗೆ ನಿನ್ನಪ್ಪನ ಕಸುಬು ಕಲಿ ಎನ್ನಲಿಲ್ಲ.

ಕಾಮರಾಜರ ಕಾಲದಲ್ಲಿ ಮದರಾಸು ರಾಜ್ಯ ಹಳ್ಳಿ ಹಳ್ಳಿಗೆ ಶಾಲೆ ತೆರೆಯುತ್ತ ಹೋಯಿತು. 1956ರಲ್ಲಿ ಶಾಲೆಯಲ್ಲೇ ಮಧ್ಯಾಹ್ನದ ಊಟ ಹಾಕುವ ಕೆಲಸ, ಮೊದಲು ಊರವರ ದೇಣಿಗೆಯಿಂದ, ಆರಂಭವಾಯಿತು. ಶಿಕ್ಷಣ ಇಲಾಖೆಯ ನಿರ್ದೇಶಕ ಎನ್.ಡಿ. ಸುಂದರವಡಿವೇಲು ಅದರ ಬೆನ್ನೆಲುಬಾಗಿದ್ದರು. 1960ರ ದಶಕದ ಮೊದಲ ವರ್ಷಗಳಲ್ಲಿ ಶುಲ್ಕ ವಿನಾಯಿತಿ ಹೈಸ್ಕೂಲಿಗೂ ಏರಿತು. ಮೊದಲು ಬಡವರಿಗೆ, ಆಮೇಲೆ ಎಲ್ಲರಿಗೆ. ಆದರೆ ಅಷ್ಟರಲ್ಲಿ 1956ರ ನವೆಂಬರ್ 1 ಬಂದುಹೋಗಿತ್ತು. ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡದ ಜನ ಕನ್ನಡದ ರಾಜ್ಯಕ್ಕೆ ಬಂದರು, ಅದು ಆಗಬೇಕಾದದ್ದೇ. ಕೊಯಮತ್ತೂರಿನ ಕಚೇರಿಯ ಮುಂದೆ ತಮಿಳು ಬಾರದೆ ನಿಂತವರ ಪಾಡು ಅನುಭವಿಸಿದವರಿಗೇ ಗೊತ್ತು. ಆದರೆ ಅರ್ಧ ದಿನದ ಶಾಲೆಯ ಕಷ್ಟವನ್ನು ಉಂಡ ತಾಲ್ಲೂಕು, ಮಧ್ಯಾಹ್ನದ ಊಟದ ಎಲೆ ಹಾಕುವ ಹೊತ್ತಿಗೆ ಪಂಕ್ತಿಯಿಂದ ಎದ್ದು ಬಂದಿತ್ತು. ಕರ್ನಾಟಕದ ಶಾಲೆಗಳಲ್ಲಿ ಸರ್ಕಾರವೇ ಅನ್ನ ಸಾರು ಬೇಯಿಸಿ ಬಡಿಸುವ ಅಕ್ಷರ ದಾಸೋಹ ಬಂದದ್ದು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಿಗೆ, ಮರುವರ್ಷ ನಮಗೆ. ನಡುವೆ ಕೇರ್ ಸಂಸ್ಥೆಯ ಉಪ್ಪಿಟ್ಟು ಮತ್ತು ಹಾಲಿನ ಪುಡಿ ಇತ್ತು, 1995ರ ನಂತರ ಹಾಜರಾತಿ ಇದ್ದ ಮಕ್ಕಳಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಬಂತು. ಆ ಅಕ್ಕಿ ಮನೆಯ ಮಡಕೆಗೆ ಹೋಗುತ್ತಿತ್ತು, ಮಗುವಿನ ಹೊಟ್ಟೆಗೆ ಅಲ್ಲ.

ಹೊಸ ರಾಜ್ಯದಲ್ಲಿ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. 1964-66ರ ಕೊಠಾರಿ ಆಯೋಗ ಪ್ರೌಢಶಾಲೆಯ ಕೆಳಹಂತವನ್ನೂ ಬೋಧನಾ ಶುಲ್ಕದಿಂದ ಬಿಡಿಸಬೇಕೆಂದಿತು. ನಾವು ಶಾಲೆಗೆ ಸೇರುವ ಹೊತ್ತಿಗೆ ಸರ್ಕಾರಿ ಹೈಸ್ಕೂಲಿನಲ್ಲಿ ಬೋಧನಾ ಶುಲ್ಕ ಎಂಬುದು ಹೊರೆಯಾಗಿ ಉಳಿದಿರಲಿಲ್ಲ. ಕ್ರೀಡೆ, ವಾಚನಾಲಯ, ಪ್ರಯೋಗಾಲಯ ಎಂದು ರಸೀದಿಯಲ್ಲಿ ಸಣ್ಣ ಸಣ್ಣ ಸಾಲುಗಳಿದ್ದವು. ಕಾಗದದ ಮೇಲೆ ಓದು ಉಚಿತವೇ. ಹಾಗಾದರೆ ಮಕ್ಕಳು ಎಲ್ಲಿ ಬಿಟ್ಟುಹೋದರು?

ಏಳರಿಂದ ಎಂಟಕ್ಕೆ ದಾಟುವ ಜಾಗದಲ್ಲಿ. ಕರ್ನಾಟಕದ ಉರ್ದು ಶಾಲೆಗಳು ಬಹುತೇಕ ಏಳನೆಯ ತರಗತಿಗೆ ಮುಗಿಯುತ್ತವೆ. ಅಲ್ಲಿ ಗಣಿತ, ವಿಜ್ಞಾನ, ಸಮಾಜ ಎಲ್ಲವೂ ಉರ್ದುವಿನಲ್ಲಿ. ಕನ್ನಡ ಒಂದು ಭಾಷೆಯ ಪಾಠ ಮಾತ್ರ. ಎಂಟನೆಯ ತರಗತಿಗೆ ಕಾಲಿಟ್ಟರೆ ನಿನ್ನೆಯವರೆಗೆ 'ಮುಸಲ್ಲಸ್' ಆಗಿದ್ದದ್ದು ಇದ್ದಕ್ಕಿದ್ದಂತೆ 'ತ್ರಿಭುಜ' ಆಗುತ್ತದೆ. ಮೊದಲ ಮೂರು ತಿಂಗಳು ನಾವು ಹಿಂದಿನ ಬೆಂಚಿನಲ್ಲಿ ಕುಳಿತು ಮೇಷ್ಟರ ತುಟಿ ನೋಡುತ್ತಿದ್ದೆವೇ ಹೊರತು ಪಾಠ ಕೇಳುತ್ತಿರಲಿಲ್ಲ. ಜೀವಶಾಸ್ತ್ರದ 'ದ್ಯುತಿಸಂಶ್ಲೇಷಣೆ'ಯನ್ನು ಉಚ್ಚರಿಸಲು ಹೋಗಿ ಇಡೀ ಕ್ಲಾಸು ನಕ್ಕದ್ದು ಇಂದಿಗೂ ಕಿವಿಯಲ್ಲಿದೆ. ಆಮೇಲೆ ಅದೇ ಕನ್ನಡದಲ್ಲಿ ಕತೆ ಬರೆಯುವಂತಾಯಿತು, ಅದು ಬೇರೆ ಮಾತು. ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಳ್ಳುವಾಗ ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಆ ಹುಡುಗಿಯ ಕತೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು. ಆದರೆ ದಾಟಿ ಬಂದವರ ಹೆಸರು ಹೇಳಿಕೊಂಡು ದಾಟದೆ ಉಳಿದವರನ್ನು ಮರೆಯುವುದು ನ್ಯಾಯವಲ್ಲ.

1990ರ ದಶಕದಲ್ಲಿ ನಮ್ಮ ಜೊತೆ ಏಳನೆಯ ತರಗತಿ ಮುಗಿಸಿದ ಹುಡುಗಿಯರು ಹನ್ನೊಂದು ಮಂದಿ. ಎಂಟಕ್ಕೆ ಬಂದವರು ಇಬ್ಬರು. ಬಾರದೆ ಉಳಿದವರಲ್ಲಿ ಒಬ್ಬಳು ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದಳು. ಉಸ್ತಾದರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದಳು. ಉಸ್ತಾದರು ಅವಳ ಮನೆಗೇ ಹೋಗಿ ಕೇಳಿಕೊಂಡರು. ಹೈಸ್ಕೂಲಿಗೆ ಫೀಸಿಲ್ಲ, ಪುಸ್ತಕ ನಾನು ಕೊಡಿಸುತ್ತೇನೆ ಎಂದರು. ಅವಳ ತಾಯಿ ಬಾಗಿಲ ಮರೆಯಿಂದಲೇ ಹೇಳಿದ್ದು, 'ಫೀಸ್ ನಹೀಂ ಉಸ್ತಾದ್, ಮಗರ್ ಚರಖೇ ಪೆ ಕೌನ್ ಬೈಠ್‌ನಾ?' ಫೀಸಿಲ್ಲ ಸರಿ, ಚರಕದ ಮುಂದೆ ಯಾರು ಕೂರುವುದು?

ಕೊಳ್ಳೇಗಾಲ ರೇಷ್ಮೆಯ ಸೀಮೆ. ಮದರಾಸು ಪ್ರಾಂತ್ಯದ ಕಾಲದಲ್ಲಿ ಆ ಪ್ರಾಂತ್ಯದ ರೇಷ್ಮೆ ಕೃಷಿಗೆ ಈ ತಾಲ್ಲೂಕೇ ಪ್ರಧಾನ ನೆಲೆ. ಗೂಡು ಬೆಳೆಯುವವರು ಒಕ್ಕಲು ಮಕ್ಕಳಾದರೆ, ನೂಲು ಬಿಚ್ಚುವ ಕಸುಬಿನಲ್ಲಿ ಮುಸ್ಲಿಮ್ ಮನೆಗಳು ಬಹಳ. ಕುದಿಯುವ ನೀರಿನಲ್ಲಿ ಗೂಡು ಬೆಂದು, ಎಳೆ ಹುಡುಕಿ, ಚರಕಕ್ಕೆ ಹತ್ತಿಸಬೇಕು. ಎಳೆ ಹಿಡಿಯಲು ಸಣ್ಣ ಬೆರಳು ಒಳ್ಳೆಯದು ಎಂದು ನಂಬಿದವರಿದ್ದರು. ಬಿಸಿ ನೀರಿನಲ್ಲಿ ಬಿಳಿಚಿ ಸುಲಿದ ಆ ಸಣ್ಣ ಬೆರಳುಗಳನ್ನು ನಾವು ಕಂಡಿದ್ದೇವೆ. ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಕ್ಕ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ತಂದಾಗ ಜಗತ್ತು ಬೆಚ್ಚಿತು. ನಮಗೆ ಅದು ಮೊಹಲ್ಲಾದ ದಿನನಿತ್ಯದ ನೋಟವಾಗಿತ್ತು. ಅಂದರೆ ಸರ್ಕಾರ ಮನ್ನಾ ಮಾಡಿದ ಶುಲ್ಕಕ್ಕಿಂತ ಮಗುವಿನ ದಿನಗೂಲಿ ದೊಡ್ಡದು. ಆ ಮನೆಯ ಲೆಕ್ಕದಲ್ಲಿ ಹೈಸ್ಕೂಲು ಎಂದೂ ಉಚಿತವಾಗಿರಲಿಲ್ಲ.

ಹುಡುಗಿಯರಿಗೆ ಇನ್ನೊಂದು ಬೆಲೆಯಿತ್ತು, ಅದಕ್ಕೆ ಬಡತನವನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವಂತಿಲ್ಲ. ದೊಡ್ಡವಳಾದ ಹುಡುಗಿ ಊರಾಚೆಯ ಶಾಲೆಗೆ ಹೋಗಬಾರದು ಎಂದು ತೀರ್ಮಾನಿಸಿದವರು ನಾವೇ. ಓದುವುದಕ್ಕೆ ಆಜ್ಞೆ ಕೊಡುವ ಮೂಲಕವೇ ಶುರುವಾದ ದೀನಿನ ಅನುಯಾಯಿಗಳು ನಾವು; ಮಗ ಫೇಲಾದರೂ ಮತ್ತೆ ಕಟ್ಟಿಸಿ, ಮಗಳು ಪಾಸಾದರೆ ಮನೆಯಲ್ಲಿ ಕೂರಿಸಿದೆವು.

ಇದೇ ಕತೆ ಕಾಡಿನ ಮಕ್ಕಳದ್ದೂ ಹೌದು, ಬೇರೆ ಕಾರಣಗಳಿಗೆ. ಎಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿ, ಸೋಲಿಗರ ಮಕ್ಕಳು ಅಲ್ಲೇ ಇದ್ದು ಹೈಸ್ಕೂಲಿನವರೆಗೆ ಓದುವಂತೆ ಮಾಡಿದರು. ಅಲ್ಲಿ ಶಾಲೆಯೇ ಮಕ್ಕಳ ಬಳಿಗೆ ಹೋಯಿತು. ಹನೂರಿನ ಕಾಡುಗಳಲ್ಲಿ ಅಂಥದ್ದು ಅಷ್ಟು ಬೇಗ ಆಗಲಿಲ್ಲ. ಕಾಡಿನೊಳಗಿನ ಪೋಡುಗಳ ಮಗು ಹೈಸ್ಕೂಲಿಗೆ ಬರಬೇಕಾದರೆ ಆನೆ ದಾಟುವ ದಾರಿಯಲ್ಲಿ ನಡೆಯಬೇಕು. ಅದರ ಮೇಲೆ ವೀರಪ್ಪನ್ ಕಾಲ. 1992ರ ಮೇ ತಿಂಗಳಲ್ಲಿ ಕೌದಳ್ಳಿಗೆ ಹತ್ತಿರದ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಗಿ ಪೊಲೀಸರು ಸತ್ತರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿಯಿತು. ಒಂದು ಕಡೆ ಅವನ ಭಯ, ಇನ್ನೊಂದು ಕಡೆ ಅವನನ್ನು ಹುಡುಕಲು ಬಂದವರ ಭಯ. 2004ರ ಅಕ್ಟೋಬರಿನಲ್ಲಿ ಅವನು ಸಾಯುವವರೆಗೆ ಕತ್ತಲಾಗುವ ಮುನ್ನ ಮನೆ ಸೇರುವುದೇ ಈ ಸೀಮೆಯ ಶಿಸ್ತಾಗಿತ್ತು. ಸಂಜೆ ಐದರ ಮೇಲೆ ಬಸ್ಸಿಳಿದು ಮೂರು ಮೈಲಿ ನಡೆದು ಬರುವ ಮಗಳನ್ನು ಯಾವ ತಂದೆ ಹೈಸ್ಕೂಲಿಗೆ ಕಳಿಸಿಯಾನು? ಆ ಹದಿನೈದು ವರ್ಷಗಳಲ್ಲಿ ಓದು ಬಿಟ್ಟ ಮಕ್ಕಳ ಲೆಕ್ಕವನ್ನು ಯಾವ ಆಯೋಗವೂ ತೆಗೆಯಲಿಲ್ಲ. 2001ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಶೇಕಡ 51ರ ಹತ್ತಿರ ನಿಂತಿತ್ತು, ರಾಜ್ಯದ ಕೆಳಸಾಲಿನಲ್ಲಿ.

ಬದಲಾವಣೆ ಬಂದದ್ದು ಸಣ್ಣ ಸಣ್ಣ ವಸ್ತುಗಳ ರೂಪದಲ್ಲಿ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಗೆ ಬರುವ ಬಡ ಹುಡುಗಿಯರಿಗೆ ಸೈಕಲ್ ಕೊಟ್ಟಿತು, ಮರುವರ್ಷ ಹುಡುಗರಿಗೂ. 2007ರಿಂದ ಬಿಸಿಯೂಟ ಎಂಟರಿಂದ ಹತ್ತನೆಯ ತರಗತಿಗೂ ಏರಿತು. ಪಠ್ಯಪುಸ್ತಕ, ಸಮವಸ್ತ್ರ ಬಂದವು. ಸೈಕಲನ್ನು ಗೇಲಿ ಮಾಡಿದವರಿದ್ದರು. ಬೆಲ್ಲಿಲ್ಲ, ಬ್ರೇಕಿಲ್ಲ, ಘಾಟಿಯಲ್ಲಿ ಹುಡುಗಿಯೇ ಸೈಕಲನ್ನು ಹೊರಬೇಕು ಎಂದೆಲ್ಲ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಅದೇ 2006ರಲ್ಲಿ ಬಿಹಾರ ಆರಂಭಿಸಿದ ಹುಡುಗಿಯರ ಸೈಕಲ್ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಹೈಸ್ಕೂಲಿಗೆ ಸೇರುವ ಹುಡುಗಿಯರು ಸುಮಾರು ಶೇಕಡ 30ರಷ್ಟು ಹೆಚ್ಚಿದರೆಂದು ಕಂಡರು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚಳ ಹೆಚ್ಚು. ಹುಡುಗಿಯೊಬ್ಬಳು ಒಬ್ಬಳೇ ನಡೆದರೆ ಕಣ್ಣು ಬೀಳುತ್ತದೆ, ಹತ್ತು ಹುಡುಗಿಯರು ಸಾಲಾಗಿ ಸೈಕಲಿನಲ್ಲಿ ಹೋದರೆ ದಾರಿ ಅವರದಾಗುತ್ತದೆ. ಬುರ್ಖಾ ಸೆರಗನ್ನು ಚೈನಿಗೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿ ಪೆಡಲ್ ತುಳಿದ ಹುಡುಗಿಯರನ್ನು ಕಂಡು ಜಗಲಿಯ ಮುದುಕರು ಮೊದಲು ಗೊಣಗಿದರು, ಆಮೇಲೆ ಪಂಕ್ಚರ್ ಹಾಕಿಸಿಕೊಟ್ಟರು. 2020ರಲ್ಲಿ ಕೊರೊನಾದ ನೆಪದಲ್ಲಿ ಸೈಕಲ್ ನಿಂತಿತು, ಮುಂದಿನ ವರ್ಷಗಳಲ್ಲಿಯೂ ಬರಲಿಲ್ಲ.

ಹಕ್ಕಿನ ವಿಷಯದಲ್ಲಿ ಒಂದು ವಿಚಿತ್ರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಆದರೆ ಅದು 6ರಿಂದ 14 ವಯಸ್ಸಿನವರ ಹಕ್ಕು, ಎಂಟನೆಯ ತರಗತಿಗೆ ಅದರ ಗಡಿ. ಒಂಬತ್ತು ಮತ್ತು ಹತ್ತು ಸರ್ಕಾರದ ಕೃಪೆಯಲ್ಲಿವೆ, ಮಗುವಿನ ಹಕ್ಕಿನಲ್ಲಿಲ್ಲ. ನಮ್ಮ ಚಾಚಾ ನಿಂತದ್ದು ಥರ್ಡ್ ಫಾರಂನಲ್ಲಿ, ಗಣರಾಜ್ಯದ ಕಾನೂನು ನಿಂತದ್ದೂ ಥರ್ಡ್ ಫಾರಂನಲ್ಲಿಯೇ! ನೆರೆಯ ಶ್ರೀಲಂಕಾ 1945ರಲ್ಲಿ, ಸಿ.ಡಬ್ಲ್ಯು.ಡಬ್ಲ್ಯು. ಕನ್ನಂಗರ ಶಿಕ್ಷಣ ಮಂತ್ರಿಯಾಗಿದ್ದಾಗ, ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಓದನ್ನು ಉಚಿತವೆಂದು ಸಾರಿತ್ತು. ಕೀನ್ಯಾ 2008ರಲ್ಲಿ ಹಗಲು ಹೈಸ್ಕೂಲುಗಳ ಬೋಧನಾ ಶುಲ್ಕ ತೆಗೆಯಿತು. ಇವು ಸಿರಿವಂತ ದೇಶಗಳೇನಲ್ಲ.

2006ರ ನವೆಂಬರಿನಲ್ಲಿ ಬಂದ ಸಾಚಾರ್ ವರದಿ, 6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇಕಡ 25 ಮಂದಿ ಶಾಲೆಯ ಮುಖ ಕಾಣದವರು ಅಥವಾ ನಡುವೆ ಬಿಟ್ಟವರು ಎಂದು ತೋರಿಸಿತು. ಮದ್ರಸಾಕ್ಕೆ ಹೋಗುವವರು ಶೇಕಡ 3ರಷ್ಟು ಮಾತ್ರ ಎಂದೂ ಹೇಳಿತು, ಅದನ್ನು ಮಾತ್ರ ಯಾರೂ ಓದಿದಂತೆ ಕಾಣಲಿಲ್ಲ. ಅದರ ಫಲವಾಗಿ 2008ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತರ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಆರಂಭಿಸಿತು. ವರ್ಷಕ್ಕೊಮ್ಮೆ ಬರುವ ಆ ಸಣ್ಣ ಮೊತ್ತಕ್ಕಾಗಿ ಬ್ಯಾಂಕ್ ಖಾತೆ, ಆದಾಯ ಪತ್ರ, ಫೋಟೋ ಹಿಡಿದು ತಾಯಂದಿರು ಸರದಿ ನಿಂತರು. 2022ರ ನವೆಂಬರಿನಲ್ಲಿ, ಒಂದರಿಂದ ಎಂಟನೆಯ ತರಗತಿಯವರಿಗೆ ಹೇಗೂ ಹಕ್ಕು ಕಾಯ್ದೆಯಿದೆ ಎಂಬ ಕಾರಣ ಕೊಟ್ಟು ಅದನ್ನು ಒಂಬತ್ತು ಹತ್ತಕ್ಕೆ ಮಾತ್ರ ಸೀಮಿತಗೊಳಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕದ ಹೈಸ್ಕೂಲುಗಳ ಗೇಟಿನಲ್ಲಿ ಹುಡುಗಿಯರು ತಲೆವಸ್ತ್ರ ತೆಗೆದು ಒಳಗೆ ಹೋಗಬೇಕಾದ ದೃಶ್ಯಗಳನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು. ಹುಡುಗಿಯ ಓದು ಮುಖ್ಯವೋ ಅಲ್ಲವೋ ಎಂಬ ಪ್ರಶ್ನೆಯನ್ನು ಮುಂದಿಟ್ಟವರು ಅವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಸುಧಾಂಶು ಧುಲಿಯಾ. ಫೀಸಿಲ್ಲದ ಶಾಲೆಯ ಬಾಗಿಲಲ್ಲಿ ಇನ್ನೊಂದು ಬಗೆಯ ಫೀಸನ್ನು ಕೇಳಿದಂತಾಯಿತು.

ಲೆಕ್ಕದಲ್ಲಿ ಮುಂದಿದ್ದ ಆ ಹುಡುಗಿಯನ್ನು ನಾವು ಮತ್ತೆ ಕಂಡದ್ದು ಕೌದಳ್ಳಿಯ ಬಸ್ ನಿಲ್ದಾಣದಲ್ಲಿ, 2023ರ ಮಳೆಗಾಲದಲ್ಲಿ. ಮದುವೆಯಾಗಿ ಅಲ್ಲಿಂದ ಒಳಗಿರುವ ಹಳ್ಳಿಯೊಂದಕ್ಕೆ ಬಂದಿದ್ದಳು. ಬೆರಳ ತುದಿಗಳು ಹಾಗೇ ಬಿಳಿಚಿದ್ದವು. ದೊಡ್ಡ ಮಗಳು ಸರ್ಕಾರದ ಸೈಕಲಿನಲ್ಲಿ ಹೋಗಿ ಹತ್ತನೆಯ ತರಗತಿ ಪಾಸಾಗಿ ಈಗ ನರ್ಸಿಂಗ್ ಓದಿದ್ದಾಳೆ ಎಂದಳು. ಪಕ್ಕದಲ್ಲಿ ನಿಂತಿದ್ದ ಚಿಕ್ಕವಳು ಎಂಟನೆಯ ತರಗತಿ. ಅವಳಿಗೆ ಸೈಕಲ್ ಸಿಕ್ಕಿರಲಿಲ್ಲ, ವಿದ್ಯಾರ್ಥಿವೇತನವೂ ನಿಂತಿತ್ತು. ಆ ವರ್ಷದ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತು. ಸ್ಕಾಲರ್‌ಶಿಪ್ ನಿಂತದ್ದರ ಬಗ್ಗೆ ನಾವೇನೋ ದೊಡ್ಡ ಮಾತು ಶುರುಮಾಡಿದೆವು. ಅವಳು ರಸ್ತೆಯ ಕಡೆಯೇ ನೋಡುತ್ತ ಹೇಳಿದಳು, 'ದುಡ್ಡು ನಿಂತರೆ ನಿಲ್ಲಲಿ ಭಾಯ್. ಬಸ್ಸು ನಿಂತರೆ ಸಾಕು. ಸ್ಕೂಲ್ ಮಕ್ಕಳನ್ನು ಕಂಡರೆ ನಿಲ್ಲಿಸದೆ ಹೋಗ್ತಾರೆ.'

ಅಂದು ಅಮಾವಾಸ್ಯೆಯ ಹಿಂದಿನ ದಿನ. ಬೆಟ್ಟದ ಕಡೆಯಿಂದ ಬಂದ ಮೊದಲ ಬಸ್ಸು ಜನ ತುಂಬಿಕೊಂಡು ಹಾಗೇ ಹೋಯಿತು. ಎರಡನೆಯದು ಸ್ವಲ್ಪ ಮುಂದೆ ಹೋಗಿ ನಿಂತಿತು. ಹುಡುಗಿ ಬ್ಯಾಗು ಎದೆಗೆ ಅವಚಿಕೊಂಡು ಓಡಿದಳು, ತಾಯಿಯೂ ಅವಳ ಹಿಂದೆ ಸ್ವಲ್ಪ ದೂರ ಓಡಿದಳು.